ನಾನು ಕೂತು ಉಣ್ಣೋದು ಯಾವಾಗ?

ನೆಂಟರು ಬರುವ ಮುಂಚೆಯೇ ಅಡುಗೆ ಮುಗಿಸಿಟ್ಟರೆ ಮನೆಯಾಕೆಗೆ ಆರಾಮ ಅಂತ ಮೊಬೈಲಲ್ಲಿ ಅಡುಗೆ ತೋರಿಸುವವರೆಲ್ಲ ಹೇಳ್ತಾರೆ. ಅವರನ್ನು ಒಂದು ಸಲ ಸುಂಟಿಕೊಪ್ಪಕ್ಕೆ ಕರೆಸಿ ನಮ್ಮ ಅಡುಗೆಮನೆಯಲ್ಲಿ ನಿಲ್ಲಿಸಬೇಕು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ನನಗೆ ಚಿನ್ನ ಬೇಡ, ಸೀರೆ ಬೇಡ. ನೆಂಟರು ಉಣ್ಣುವಾಗ ನಾನೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಬಿಸಿಯಿರುವಾಗಲೇ ನಾಲ್ಕು ತುತ್ತು ಉಣ್ಣಬೇಕು, ಅಷ್ಟೇ. ಇಷ್ಟು ಸಣ್ಣ ಆಸೆಗೆ ಕಲ್ಲು ಹಾಕಲು ಪ್ರತಿ ಸಲ ಒಬ್ಬರಲ್ಲ ಒಬ್ಬರು ಹುಟ್ಟಿಕೊಳ್ತಾರೆ.

ಕಣಿಲೆ ಬಕೆಟ್ಟು

ಮೊದಲನೆಯವರು ನಮ್ಮನೆಯವರೇ. ಅವರ ಮೈಸೂರಿನ ಸ್ನೇಹಿತರು ಹೆಂಡತಿ ಸಮೇತ ಭಾನುವಾರ ಊಟಕ್ಕೆ ಬರುವವರಿದ್ದರು. ಮಳೆಗಾಲ, ಎಳೆ ಬಿದಿರಿನ ಕಣಿಲೆ ಸಿಕ್ಕಿತ್ತು. ಅದನ್ನು ಹೆಚ್ಚಿ, ನೀರಲ್ಲಿ ನೆನೆಹಾಕಿ, ದಿನಾ ನೀರು ಚೆಲ್ಲಿ ಬೇರೆ ನೀರು ಹಾಕಬೇಕು. ಹಾಗೆ ಮಾಡದೆ ತಿಂದರೆ ಹೊಟ್ಟೆ ಕೆಡುತ್ತೆ. ಗುರುವಾರದಿಂದ ಶನಿವಾರದವರೆಗೆ ಆ ಬಕೆಟ್ಟನ್ನು ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡೆ.

ಭಾನುವಾರ ಬೆಳಗ್ಗೆ ನೋಡಿದರೆ ಬಕೆಟ್ಟು ತೊಳೆದು ಬೋರಲು ಹಾಕಿದೆ!

"ಅದಾ? ಹುಳಿ ವಾಸನೆ ಬರ್ತಿತ್ತು ಕಣೇ. ಕೆಟ್ಟು ಹೋಗಿದೆ ಅಂತ ಕಾಫಿ ಗಿಡದ ಬುಡಕ್ಕೆ ಸುರಿದೆ" ಅಂದರು.

"ರೀ, ಹುಟ್ಟಿದಾಗಿನಿಂದ ಕಣಿಲೆ ತಿಂದ ಬಾಯಿ ನಿಮ್ಮದು! ಅದರ ವಾಸನೆ ಗೊತ್ತಾಗಲಿಲ್ವಾ?"

"ತಿನ್ನೋದು ಗೊತ್ತು. ನೆನೆಹಾಕೋದು ನನಗೆ ಹೇಗೆ ಗೊತ್ತಾಗಬೇಕು?"

ಇದ್ದಬದ್ದ ಬದನೆಕಾಯಿ ಹೆಚ್ಚಿ ಗೊಜ್ಜಿಗೆ ಒಗ್ಗರಣೆ ಹಾಕ್ತಾ ನಾನು ಒಳಗೆ ನಿಂತಿದ್ದೆ. ಹೊರಗೆ ಊಟಕ್ಕೆ ಕೂತ ಇವರು ಸ್ನೇಹಿತರಿಗೆ ಹೇಳ್ತಿದ್ದಾರೆ: "ಮಳೆಗಾಲದಲ್ಲಿ ಕೊಡಗಿಗೆ ಬಂದು ಕಣಿಲೆ ತಿನ್ನದೆ ಹೋಗ್ತಿದ್ದೀರಿ, ಪಾಪ. ಏನು ಮಾಡೋದು, ನಮ್ಮವಳಿಗೆ ಮುಂದಾಲೋಚನೆ ಸ್ವಲ್ಪ ಕಡಿಮೆ."

ಏನೂ ಮಾಡಬೇಡಿ

ನಾದಿನಿ ಕುಶಾಲನಗರದಿಂದ ಫೋನ್ ಮಾಡಿದಳು. "ಅತ್ತಿಗೆ, ಮಧ್ಯಾಹ್ನ ಬರ್ತೀವಿ. ಏನೂ ಮಾಡಬೇಡಿ, ಕಾಫಿ ಸಾಕು."

ಏನೂ ಮಾಡಬೇಡಿ ಅಂದರೆ ಹೋಳಿಗೆ ಮಾಡಿ ಅಂತ ಅರ್ಥ, ನನಗೇನು ಗೊತ್ತಿಲ್ವಾ? ಫೋನ್ ಇಟ್ಟ ತಕ್ಷಣ ಬೇಳೆ ಬೇಯಿಸಿ, ಹೂರಣ ರುಬ್ಬಿ, ಮೂವತ್ತು ಹೋಳಿಗೆ ತಟ್ಟಿ, ತಲೆ ಬಾಚಿಕೊಂಡು ಕೂತೆ. ಬಂದರು. ಕಾಫಿ ಕುಡಿದರು. "ಊಟ ಹೋಟೆಲಲ್ಲೇ ಮುಗಿಸಿಕೊಂಡು ಬಂದ್ವಿ ಅತ್ತಿಗೆ. ಏನೂ ಮಾಡಬೇಡಿ ಅಂದಿದ್ನಲ್ಲ!" ನಾವಿಬ್ಬರೇ ಮೂರು ದಿನ ಹೋಳಿಗೆ ತಿಂದೆವು.

ಮುಂದಿನ ತಿಂಗಳು ಮತ್ತೆ ಅದೇ ಫೋನು, ಅದೇ ಮಾತು. ಈ ಸಲ ನಾನೂ ಗಟ್ಟಿ ಮನಸ್ಸು ಮಾಡಿ ಹಾಲು ಮಾತ್ರ ತರಿಸಿಟ್ಟೆ. ಜೀಪಿನಿಂದ ಎಂಟು ಜನ ಇಳಿದರು. ಕಾಫಿ ಕುಡಿದ ಮೇಲೂ ಯಾರೂ ಏಳಲಿಲ್ಲ. ನಾದಿನಿ ಅಡುಗೆಮನೆಗೆ ಬಂದು ಪಾತ್ರೆಗಳ ಮುಚ್ಚಳ ಒಂದೊಂದೇ ಎತ್ತಿ ನೋಡಿದಳು. ಮುಖ ಸಣ್ಣದಾಯಿತು.

"ಅಲ್ಲ ಅತ್ತಿಗೆ, ಏನೂ ಮಾಡಬೇಡಿ ಅಂದ್ರೆ ನಿಜವಾಗ್ಲೂ ಏನೂ ಮಾಡಲ್ವಾ ನೀವು?"

ತಂಗಳು

ಇನ್ನು ದೊಡ್ಡಮಾವ, ನಮ್ಮ ಮಾವನವರ ಅಣ್ಣ. ಅವರು ಬರುವ ದಿನ ನಾನು ಸೋಲಲೇಬಾರದು ಅಂತ ಅಕ್ಕಿರೊಟ್ಟಿ ಅಷ್ಟನ್ನೂ ಮೊದಲೇ ಸುಟ್ಟು, ಬಟ್ಟೆ ಸುತ್ತಿ, ಹಾಟ್‌ಬಾಕ್ಸಿಗೆ ತುಂಬಿ ಮೇಜಿನ ಮೇಲಿಟ್ಟೆ. ಎಲ್ಲರಿಗೂ ಬಡಿಸಿ ನಾನೂ ಕೂತೆ. ಹೌದು, ಕೂತೆ! ರೊಟ್ಟಿ ಮುರಿದೆ.

ದೊಡ್ಡಮಾವ ರೊಟ್ಟಿಯನ್ನು ಬೆರಳಲ್ಲಿ ಒತ್ತಿ ನೋಡಿದರು. "ಯಾವಾಗ ಮಾಡಿದ್ದಮ್ಮ ಇದು? ನಾನು ತಂಗಳು ಮುಟ್ಟಲ್ಲ. ಹೆಂಚು ಕಾದಿದ್ರೆ ಒಂದೆರಡು ಬಿಸಿದು..."

ದೊಡ್ಡವರು, ಏನು ಹೇಳೋದು? ಎದ್ದೆ. ಒಂದೆರಡು ಅಂದವರು ಏಳು ತಿಂದರು. ಅವರನ್ನು ನೋಡಿ ಉಳಿದವರಿಗೂ ಬಿಸಿದೇ ಬೇಕಾಯಿತು. ಹೊರಡುವಾಗ ದೊಡ್ಡಮಾವ ಹಾಟ್‌ಬಾಕ್ಸ್ ತೋರಿಸಿ ನನ್ನನ್ನು ಕರೆದರು. "ಅದನ್ನ ನನಗೆ ಕಟ್ಟಿಕೊಡಮ್ಮ. ಬೆಳಗ್ಗೆ ಜೇನುತುಪ್ಪ ಹಚ್ಚಿ ತಿಂತೀನಿ. ತಂಗಳು ರೊಟ್ಟಿ ರುಚಿನೇ ಬೇರೆ!"

ಬೇರೆಯವರ ಮನೆ

ನಮ್ಮ ಮನೆಯಲ್ಲಿ ಇದು ಆಗುವ ಮಾತಲ್ಲ, ಬೇರೆಯವರ ಮನೆಗೆ ಹೋದರೆ ಮಾತ್ರ ಕೂರಬಹುದು ಅಂತ ಅಷ್ಟರಲ್ಲಿ ತೀರ್ಮಾನಕ್ಕೆ ಬಂದಿದ್ದೆ. ಪುಣ್ಯಕ್ಕೆ ಪೊನ್ನಂಪೇಟೆಯ ಗೆಳತಿ ಫೋನ್ ಮಾಡಿ, "ನಾಳೆ ಇಬ್ಬರೂ ಊಟಕ್ಕೆ ಬನ್ನಿ" ಅಂದಳು. ರೇಷ್ಮೆ ಸೀರೆ ಉಟ್ಟು ಹೋದೆ. ಇನ್ನೂ ಎರಡು ಸಂಸಾರ ಬಂದಿದ್ದವು. ಪಲ್ಯ, ಚಟ್ನಿ, ಪಾಯಸ ಎಲ್ಲಾ ತಯಾರು. ನಾನು ಹೋಗಿ ಫ್ಯಾನಿನ ಕೆಳಗಿನ ಕುರ್ಚಿಯನ್ನೇ ಹಿಡಿದೆ.

ಗೆಳತಿ ಮೆಲ್ಲಗೆ ಕೈ ಹಿಡಿದು ಒಳಗೆ ಎಳೆದಳು. ಹಿಟ್ಟು ನಾದಿಟ್ಟಿದ್ದಳು, ಹೆಂಚು ಕಾದಿತ್ತು. "ನಿನ್ನ ಕೈಯಲ್ಲಿ ರೊಟ್ಟಿ ಪೂರಿ ಥರ ಉಬ್ಬುತ್ತೆ, ನನ್ನದು ಹಪ್ಪಳ ಆಗುತ್ತೆ ಕಣೇ. ಒಂದು ಮಾಡಿ ತೋರಿಸಿಬಿಡು."

ಒಂದು ತೋರಿಸಿದೆ. ಅದನ್ನು ತೆಗೆದುಕೊಂಡು ಹೊರಗೆ ಹೋದವಳು ವಾಪಸ್ ಬರಲೇ ಇಲ್ಲ. "ಇನ್ನೊಂದು ಬರಲಿ!" ಅಂತ ಕೂಗು ಮಾತ್ರ ಬಂತು, ಅದರಲ್ಲಿ ನಮ್ಮನೆಯವರದೇ ಜೋರು. ಇಪ್ಪತ್ತನೆಯ ರೊಟ್ಟಿ ಹಿಡಿದು, ಬೆವರು ಒರೆಸಿಕೊಳ್ತಾ ಬಾಗಿಲಿಗೆ ಬಂದು ನೋಡಿದರೆ, ನಾನು ಹಿಡಿದಿದ್ದ ಕುರ್ಚಿಯಲ್ಲಿ ಅವಳು ಕೂತು ಉಣ್ತಿದ್ದಾಳೆ!

ಪಕ್ಕದಲ್ಲಿದ್ದ ಹೆಂಗಸು ಅವಳನ್ನು ಕೇಳಿದಳು, "ಇಷ್ಟು ಜನಕ್ಕೆ ಬಿಸಿಬಿಸಿ ರೊಟ್ಟಿ ಹಾಕಿಸಿ ನೀವೂ ನಮ್ಮ ಜೊತೆ ಆರಾಮಾಗಿ ಕೂತಿದ್ದೀರಲ್ಲ, ಹೇಗ್ರೀ ಇದು?"

ಗೆಳತಿ ಚಟ್ನಿ ನೆಕ್ಕುತ್ತಾ ಹೇಳಿದಳು: "ಎಲ್ಲಾ ಮುಂಚೆನೇ ರೆಡಿ ಮಾಡಿಕೋಬೇಕು. ನಾನು ನಿನ್ನೆನೇ ಇವಳಿಗೆ ಫೋನ್ ಮಾಡಿಬಿಟ್ಟೆ."