ಅಕ್ಕನ ಮಾತಿನ ನಡುವೆ ಬಂದ ಬ್ಯಾಗಿನ ಮಹಾಶಯರಿಗೆ

ಮಾನ್ಯರೇ,

ಔಷಧ ಕಂಪನಿಯ ಪ್ರತಿನಿಧಿಗಳೂ, ಫಳಫಳ ಹೊಳೆಯುವ ಬೂಟುಧಾರಿಗಳೂ, ನಮ್ಮ ಬೀದಿಯ ಡಾಕ್ಟರ ಕೋಣೆಗೆ ಟೋಕನ್ನಿಲ್ಲದೆ ನುಗ್ಗಬಲ್ಲ ಏಕೈಕ ಆರೋಗ್ಯವಂತರೂ ಆದ ತಮಗೆ, ಹೊರಗಿನ ಬೆಂಚಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡ ಈ ದರ್ಜಿಯ ಬಗ್ಗಿದ ನಮಸ್ಕಾರಗಳು. ನೆಟ್ಟಗೆ ನಿಂತು ಮಾಡಲು ಆಗುತ್ತಿಲ್ಲ, ಕ್ಷಮಿಸಬೇಕು.

ಕಳೆದ ಸೋಮವಾರ, ನನ್ನನ್ನು ಸಾಕಿ ಬೆಳೆಸಿದ ಅಕ್ಕ ಹೊಟ್ಟೆ ಸರಿಯಿಲ್ಲವೆಂದು ನನ್ನನ್ನು ನಂಬಿಸಿ ಒಬ್ಬಳೇ ಒಳಗೆ ಹೋದಳು. "ಡಾಕ್ಟ್ರೇ, ಹೊಟ್ಟೆ ಒಂಥರಾ ಉಬ್ಬರ, ಆಮೇಲೆ ಇನ್ನೊಂದ್ ವಿಷ್ಯ" ಎನ್ನುವಷ್ಟರಲ್ಲಿ ತಾವು "ಒಂದೇ ನಿಮಿಷ ಸರ್" ಎನ್ನುತ್ತಾ ದಯಮಾಡಿಸಿದಿರಂತೆ. ಆಹಾ, ಏನು ವಾಗ್ವೈಖರಿ! ರೋಗಿಗಳು ನರಳಿದರೂ ತಲೆಯೆತ್ತದ ನಮ್ಮ ಡಾಕ್ಟರು ತಾವು ತೋರಿಸಿದ ಬಣ್ಣದ ಚಿತ್ರಗಳಿಗೆ ತಲೆದೂಗಿ, ತಾವೇ ಕೊಟ್ಟ ಪೆನ್ನಿನಿಂದ ತಮ್ಮದೇ ಕಂಪನಿಯ ಗ್ಯಾಸಿನ ಮಾತ್ರೆಯನ್ನು ಬರೆದು ಅಕ್ಕನನ್ನು ಕಳುಹಿಸಿಕೊಟ್ಟರು.

ಮನೆಗೆ ಬಂದ ಮೇಲೆ ಅವಳು ಬಾಯಿಬಿಟ್ಟಳು. "ಎದೇಲಿ ಗಂಟಿದೆ ಕಣೋ. ಗುರುತಿಲ್ಲದ ಗಂಡಸು ಪಕ್ಕದಲ್ಲೇ ನಿಂತಿದ್ರೆ ಹೆಂಗೋ ಹೇಳೋದು?" ನನಗೆ ಮೈಯೆಲ್ಲ ಉರಿದುಹೋಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ತಿಂಗಳುಗಟ್ಟಲೆ ಕೂಡಿಸಿಟ್ಟ ಅವಳ ಧೈರ್ಯ ತಮ್ಮ ಒಂದೇ ನಿಮಿಷಕ್ಕೆ ಮಣ್ಣುಪಾಲಾಗಿತ್ತು.

ಡಾಕ್ಟರ ಕಿವಿ ತಮ್ಮ ಸ್ವಾಧೀನದಲ್ಲಿರುವುದರಿಂದ ತಮ್ಮಲ್ಲಿಯೇ ಬಿನ್ನಹ ಮಾಡಿಕೊಳ್ಳುತ್ತೇನೆ: ಮುಂದಿನ ಸಲ ಮಾತ್ರೆಯ ಗುಣಗಾನದ ನಡುವೆ ನನ್ನ ಅಕ್ಕನ ಗಂಟಿನದೂ ಒಂದು ಚಿತ್ರ ಬರೆಸಿ ತೋರಿಸಿಬಿಡಿ, ನುಣುಪು ಕಾಗದದಲ್ಲಿದ್ದರೆ ಖಂಡಿತ ನೋಡುತ್ತಾರೆ. ಅದು ತಮ್ಮ ಘನತೆಗೆ ಕಡಿಮೆಯೆನಿಸಿದರೆ ಇನ್ನೊಂದು ಉಪಾಯವಿದೆ. ಕೈಕಾಲು ಹಿಡಿದ ಮೇಲೆ ಅಕ್ಕ ಗುರುವಾರ ಮತ್ತೆ ಹೋಗಲು ಒಪ್ಪಿದ್ದಾಳೆ, "ಆ ಬ್ಯಾಗಿನವನು ಇರಬಾರದು ಅಷ್ಟೇ" ಎಂಬ ಷರತ್ತಿನ ಮೇಲೆ. ಆದ್ದರಿಂದ ಗುರುವಾರ ಬೆಳಿಗ್ಗೆ ತಾವು ದಯವಿಟ್ಟು ಒಂದು ಸಣ್ಣ ಜ್ವರ ಬರಿಸಿಕೊಂಡು, ಎಲ್ಲರಂತೆ ಟೋಕನ್ ತೆಗೆದುಕೊಂಡು, ಬೆಂಚಿನಲ್ಲಿ ನನ್ನ ಪಕ್ಕ ಕೂರಬೇಕು. ಜಾಗ ಹಿಡಿದಿಟ್ಟಿರುತ್ತೇನೆ. ಅಕ್ಕ ಹೊರಗೆ ಬರುವವರೆಗೆ ತಾವು ಏಳದಂತೆ ನೋಡಿಕೊಳ್ಳುವ ಜವಾಬ್ದಾರಿಯೂ ನನ್ನದೇ.

ಬಾಗಿಲ ಹೊರಗಿನಿಂದ,
ತಮ್ಮ ವಿಶ್ವಾಸಿ,
ಬೆಂಚಿನ ದರ್ಜಿ

ತಾ.ಕ.: ತಮ್ಮ ಮಾತ್ರೆಯನ್ನು ಅಕ್ಕ ತಪ್ಪದೆ ನುಂಗುತ್ತಿದ್ದಾಳೆ. ಎಂಥಾ ಗುಣ ಅಂತೀರಿ, ಗ್ಯಾಸ್ ಪೂರ್ತಿ ಹೋಗಿದೆ. ಗಂಟು ಇದ್ದಲ್ಲೇ ಇದೆ.