ಕಣ್ಣು ಕಟ್ಟಿಕೊಂಡ ಪ್ರೋಟೀನು

ಎಲ್ಲ ಅನಾಹುತಕ್ಕೂ ಕಾರಣ ಒಂದು ಸುರುಳಿ ಮಿರಿಮಿರಿ ಕಾಗದ. ಅದನ್ನು ತಂದವರು ಚಿತ್ರಕಲೆಯ ಟೀಚರ್. ಒಳ್ಳೆಯ ಮನಸ್ಸಿನಿಂದಲೇ ತಂದರು. ಒಳ್ಳೆಯ ಮನಸ್ಸಿನವರು ಮಾಡುವಷ್ಟು ಹಾಳು, ಕತೆಗಳ ರಾಕ್ಷಸರಿಗೂ ಮಾಡಲು ಬಾರದು.

ಜೀವಶಾಸ್ತ್ರದ ಮೇಷ್ಟ್ರಿಗೆ ಎಂಟು ವರ್ಷದಿಂದ ತಾತ್ಕಾಲಿಕ ಕೆಲಸ. ಎಂಟು ವರ್ಷದಲ್ಲಿ ಐದು ಶಾಲೆ. ಅಂದು ಪರೀಕ್ಷಕರು ಬಂದು ಪಾಠ ನೋಡಿ ಮೆಚ್ಚಿದರೆ ಇದೇ ಶಾಲೆಯಲ್ಲಿ ಖಾಯಂ.

"ರೀ, ಇನ್ನೊಂದ್ಸಲ ಸಾಮಾನು ಕಟ್ಟೋಕೆ ನನ್ನಿಂದಾಗಲ್ಲ," ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು. "ಆ ಬೀರು ಲಾರಿ ಹತ್ತಿ ಇಳಿದು, ಹತ್ತಿ ಇಳಿದು ಕುಂಟ್ತಾ ಇದೆ."

"ನೋಡ್ತಿರು. ಸಾಯಂಕಾಲದೊಳಗೆ ನಾನು ಇಲ್ಲೇ ಬೇರು ಬಿಟ್ಟಿರ್ತೀನಿ," ಎಂದು ಮೇಷ್ಟ್ರು ಎದೆ ಉಬ್ಬಿಸಿ ಹೊರಟಿದ್ದರು.

ಉಬ್ಬಿಸಲು ಕಾರಣವಿತ್ತು. ಪಾಠ, ಪ್ರೋಟೀನು ಡಿಎನ್‌ಎಯನ್ನು ಗುರುತು ಹಿಡಿಯುವ ಬಗೆ. ಡಿಎನ್‌ಎ ಎಂದರೆ ತಿರುಚಿದ ಏಣಿ. ಪ್ರೋಟೀನಿಗೆ ಕಣ್ಣಿಲ್ಲ. ಅದು ಏಣಿಯನ್ನು ಬಿಚ್ಚುವುದೂ ಇಲ್ಲ; ಪಕ್ಕದ ಸಂದಿಯಲ್ಲಿ ಕೈಯಾಡಿಸಿ ಮೆಟ್ಟಿಲುಗಳ ಅಂಚು ಮುಟ್ಟುತ್ತ ಹೋಗುತ್ತದೆ. ಕುರುಡಿ ಮುದುಕಿ ಕಳೆದುಹೋದ ಮಗನನ್ನು ಕೆನ್ನೆ ಸವರಿಯೇ ಗುರುತಿಸುತ್ತಾಳಲ್ಲ, ಹಾಗೆ. ಗುರುತು ಸಿಕ್ಕಿತೋ, ಗಟ್ಟಿಯಾಗಿ ಅಪ್ಪಿ ಏಣಿಯನ್ನೇ ಬಗ್ಗಿಸಿಬಿಡುತ್ತದೆ. ಆಮೇಲೆ ಅಲ್ಲಿನ ಕೆಲಸ ಶುರು.

ಇದಕ್ಕಾಗಿ ಮೇಷ್ಟ್ರು ಹಗ್ಗದ ಏಣಿ ಹೆಣೆದಿದ್ದರು. ಮೆಟ್ಟಿಲುಗಳಿಗೆ ನಾಲ್ಕು ಬಗೆಯ ಹೊದಿಕೆ: ಉಣ್ಣೆ, ರಬ್ಬರು, ಹತ್ತಿ ಬಟ್ಟೆ, ಬಡಗಿಗಳು ಮರ ಉಜ್ಜುವ ಉಪ್ಪುಕಾಗದ. ಉಣ್ಣೆ, ಉಣ್ಣೆ, ರಬ್ಬರು, ಉಪ್ಪುಕಾಗದ ಸಾಲಾಗಿ ಎಲ್ಲಿ ಬರುತ್ತದೋ ಅದೇ ಜಾಗ. ಕಣ್ಣು ಕಟ್ಟಿಕೊಂಡ ಮೇಷ್ಟ್ರೇ ಪ್ರೋಟೀನು. ಏಣಿ ಬಗ್ಗಿದೊಡನೆ ಜವಾನ ಗಂಟೆಯಣ್ಣ ಒಮ್ಮೆ ಗಂಟೆ ಬಾರಿಸಬೇಕು: ಕೆಲಸ ಶುರುವಾಯಿತು ಎಂಬುದಕ್ಕೆ.

ಏಣಿಯನ್ನು ತರಗತಿಯ ಕಿಟಕಿಯಿಂದ ಬಾಗಿಲವರೆಗೆ ಎದೆಯೆತ್ತರಕ್ಕೆ ಕಟ್ಟಿ, ಕೈಕಾಲು ತೊಳೆದು ಬರುವಷ್ಟರಲ್ಲಿ ವ್ಯಾಯಾಮದ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಿದ್ದರು.

"ಪೂರ್ತಿ ತಿರುಚ್ಕೊಂಡಿತ್ತು ಸಾರ್. ಬಿಡಿಸಿ ನೆಟ್ಟಗೆ ಮಾಡಿದೀನಿ."

"ಅಯ್ಯೋ ಮಹಾರಾಯ! ತಿರುಚಿರೋದೇ ಅದರ ಜೀವ!"

"ಹೌದಾ? ಕಂಬಾನ ಬೇಕಾದ್ರೂ ತಿರುಚಿ ಕೊಡ್ತೀನಿ, ಬನ್ನಿ." ಇಬ್ಬರೂ ಸೇರಿ ಮತ್ತೆ ತಿರುಚಿದರು. ಮೇಷ್ಟ್ರು ಬೆವರಿನ ಅಂಗಿ ಬದಲಿಸಲು ಹೋದರು.

ಆ ಹತ್ತು ನಿಮಿಷದಲ್ಲಿ ಚಿತ್ರಕಲೆಯ ಟೀಚರ್ ಒಳಗೆ ಇಣುಕಿದರು. ಹರಕು ಉಣ್ಣೆ, ಹಳೇ ರಬ್ಬರು. "ಶಿವನೇ, ಪರೀಕ್ಷಕರೆದುರು ಭಿಕ್ಷುಕನ ಜೋಳಿಗೆ ಥರ!" ಎಂದುಕೊಂಡು ಒಂದು ಮೆಟ್ಟಿಲೂ ಬಿಡದೆ ಮಿರಿಮಿರಿ ಕಾಗದ ಸುತ್ತಿದರು. ಉಪಕಾರ ಹೇಳಿ ಮಾಡಬಾರದಂತೆ, ಹೇಳಲಿಲ್ಲ.

ಮೊದಲೇ ನೋಡಿಕೊಂಡ ಅಂತ ಯಾರೂ ಅನ್ನಬಾರದೆಂದು ಮೇಷ್ಟ್ರು ಬಾಗಿಲ ಹೊರಗೇ ಕಣ್ಣು ಕಟ್ಟಿಸಿಕೊಂಡರು. ವ್ಯಾಯಾಮದ ಮೇಷ್ಟ್ರು ಕೈಹಿಡಿದು ಕಿಟಕಿಯ ತುದಿಗೆ ಬಿಟ್ಟರು. ಬಾಗಿಲ ತುದಿಯಲ್ಲಿ ಹೆಡ್‌ಮೇಡಂ, ಅವರ ಪಕ್ಕ ಪರೀಕ್ಷಕರು.

"ಮಕ್ಕಳೇ, ನಾನೀಗ ಮನುಷ್ಯ ಅಲ್ಲ, ಪ್ರೋಟೀನು!"

ಮೊದಲ ಮೆಟ್ಟಿಲು ನುಣುಪು. ಎರಡನೆಯದೂ ನುಣುಪು. ಮೂರು, ನಾಲ್ಕು, ಐದು, ಎಣ್ಣೆ ಹಚ್ಚಿದ ಬೋಳುತಲೆಯಂತೆ ನುಣುಪೋ ನುಣುಪು. ಮೇಷ್ಟ್ರ ಲೆಕ್ಕವೆಲ್ಲ ಕುಸಿಯಿತು. ದನಿ ಮಾತ್ರ ಕುಸಿಯಲಿಲ್ಲ.

"ಗುರುತು ಸಿಗದೇ ಇದ್ರೆ ಪ್ರೋಟೀನು ಅಳ್ತಾ ಕೂರತ್ತಾ? ಇಲ್ಲ! ಹಗುರವಾಗಿ ಹಿಡ್ಕೊಂಡು ಜಾರ್ತಾ ಜಾರ್ತಾ ಮುಂದೆ ಹೋಗತ್ತೆ!"

ಜಾರುತ್ತ ಹೋದರು. ಏಣಿ ಮುಗಿಯಿತು. ಮೇಷ್ಟ್ರು ಮುಗಿಯಲಿಲ್ಲ. ಹತ್ತಿರದಿಂದ ನೋಡಲೆಂದು ಪರೀಕ್ಷಕರು ಆಗಷ್ಟೇ ಎದ್ದು ನಿಂತಿದ್ದರು.

ಮೇಷ್ಟ್ರ ಬೆರಳಿಗೆ ಸಿಕ್ಕಿತು: ಉಣ್ಣೆ. ಅದು ಪರೀಕ್ಷಕರ ಸ್ವೆಟರು. ಮತ್ತೆ ಉಣ್ಣೆ, ಮಫ್ಲರು. ಆಮೇಲೆ ಮೆತ್ತನೆ ರಬ್ಬರು, ಕಿವಿಯ ಹಾಲೆ. ಕೊನೆಗೆ ಎರಡು ದಿನ ಕ್ಷೌರ ಕಾಣದ ಕೆನ್ನೆ. ಉಪ್ಪುಕಾಗದ!

"ಸಿಕ್ತು ಮಕ್ಕಳೇ, ಸಿಕ್ತು!" ಮೇಷ್ಟ್ರು ಗಬಕ್ಕನೆ ಅಪ್ಪಿ ಪರೀಕ್ಷಕರನ್ನು ತೊಂಬತ್ತು ಡಿಗ್ರಿ ಬಗ್ಗಿಸಿದರು.

"ಅಮ್ಮಾ!" ಎಂದಿತು ಡಿಎನ್‌ಎ.

ಗಂಟೆಯಣ್ಣನಿಗೆ ಬಗ್ಗಿದ್ದು ಯಾರಾದರೇನು? ಬಾರಿಸಿದ. ಒಮ್ಮೆ ಸಾಕಿತ್ತು, ಅಷ್ಟು ದೊಡ್ಡ ಮನುಷ್ಯರು ಬಗ್ಗಿದ ಮೇಲೆ ಒಂದು ಕಮ್ಮಿಯಾಯಿತೆನಿಸಿ ಹತ್ತು ಸಲ ಬಾರಿಸಿದ. ಪಕ್ಕದ ತರಗತಿಗಳಿಗೆ ಅದು ಶಾಲೆ ಬಿಡುವ ಗಂಟೆಯಂತೆಯೇ ಕೇಳಿಸಿತು. ಬೆಳಗಿನ ಹನ್ನೊಂದಕ್ಕೆ ನಾನೂರು ಮಕ್ಕಳು ಕಟ್ಟೆಯೊಡೆದ ಕೆರೆಯಂತೆ ಗೇಟಿನಾಚೆ ಹರಿದರು. ಈ ತರಗತಿಯವರೂ ಹಿಂದೆ ಬೀಳಲಿಲ್ಲ.

"ಲೋ ನಿಲ್ರೋ! ಬ್ಯಾಗಾದ್ರೂ ತಗೊಂಡು ಹೋಗ್ರೋ!" ಎಂದು ಕೂಗಿ ಸೋತ ಹೆಡ್‌ಮೇಡಂ ಮೇಷ್ಟ್ರ ಕಡೆ ತಿರುಗಿದರು. "ನಿಮ್ಮ ಕತೆ ಮುಗೀತು."

ಮೇಷ್ಟ್ರು ಕಣ್ಣಿನ ಬಟ್ಟೆ ಕಿತ್ತು, ಏಣಿ ನೋಡಿ, ಪರೀಕ್ಷಕರನ್ನು ನೋಡಿ, ಮತ್ತೆ ಕಟ್ಟಿಕೊಳ್ಳೋಣವೇ ಎಂದು ಯೋಚಿಸಿದರು.

ಪರೀಕ್ಷಕರು ಸೊಂಟ ಹಿಡಿದು ಒಂದೊಂದೇ ಇಂಚು ಎದ್ದರು. ಮುಖ ಮಾತ್ರ ಬೆಳಗುತ್ತಿತ್ತು.

"ಗುರುತಿಗೆ ಮುಸುಕು ಹಾಕಿದ್ರೆ ಪ್ರೋಟೀನು ಜಾರ್ತಾ ಹೋಗಿ, ತನಗೆ ಬೇಕಾದ ಹಾಗೇ ಇರೋ ಬೇರೆ ಜಾಗ ಹಿಡ್ಕೊಳ್ಳತ್ತೆ! ಇಪ್ಪತ್ತು ವರ್ಷದಿಂದ ಪುಸ್ತಕದಲ್ಲಿ ಓದ್ತಿದ್ದೆ. ಇವತ್ತು ಸೊಂಟದಲ್ಲಿ ಅರ್ಥ ಆಯ್ತು. ನೂರಕ್ಕೆ ನೂರು!"

ಮೇಷ್ಟ್ರ ಕಣ್ಣಲ್ಲಿ ನೀರು. "ಹಾಗಾದ್ರೆ ಸಾರ್... ನಾನು ಇಲ್ಲೇ..."

"ಇಲ್ಲೇನಾ? ಛೆ ಛೆ! ಇಂಥವರನ್ನ ಒಂದೇ ಶಾಲೇಲಿ ಕೂಡಿಹಾಕೋದು ಪಾಪ ಕಣ್ರೀ." ಪರೀಕ್ಷಕರು ಅಲ್ಲೇ ಕಾಗದ ತೆಗೆದು ಬರೆದರು. "ಸೋಮವಾರದಿಂದ ಏಣಿ ಸಮೇತ ವಾರಕ್ಕೊಂದು ಶಾಲೆ. ಒಟ್ಟು ನೂರಾ ಹದಿನಾಲ್ಕು. ಮುಗಿದ್ಮೇಲೆ ಮತ್ತೆ ಮೊದಲಿಂದ."

ಹೆಡ್‌ಮೇಡಂಗೂ ಕನಿಕರವಾಯಿತು. "ಸಾರ್, ಹುದ್ದೆನಾದ್ರೂ ಖಾಯಂ ತಾನೇ?"

"ಹುದ್ದೆ ತಾತ್ಕಾಲಿಕ," ಎಂದ ಪರೀಕ್ಷಕರು ಸಹಿಯ ಶಾಯಿ ಒಣಗಲೆಂದು ಪ್ರೀತಿಯಿಂದ ಊದಿದರು. "ತಿರುಗಾಟ ಖಾಯಂ."