ಫೋನಿನ ಮುಫ್ತಿಯೂ ನಮ್ಮ ಮನೆಯ ಮಲೀದಾವೂ

ನಾನು ಯಾರನ್ನೂ ಬೇಗ ನಂಬುವವಳಲ್ಲ. ಹಾಲಿನವಳ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಆಳಂದದ ಬಸ್ಸಿಗೆ ಬೋರ್ಡಿದ್ದರೂ ನಾಲ್ಕು ಮಂದಿಯನ್ನು ಕೇಳಿಯೇ ಹತ್ತುತ್ತೇನೆ. ನನಗೆ ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಬರುತ್ತದೆ. ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಅದೂ ಒಂದು ಕಾರಣ. ಇಂಥ ನನ್ನ ಮನೆಗೇ ಒಬ್ಬ ಮುಫ್ತಿ, ಧರ್ಮದ ತೀರ್ಪು ಹೇಳುವವ, ಸೊಸೆಯ ಫೋನಿನೊಳಗಿಂದ ನುಗ್ಗಿದ.

ಪ್ರತಿ ವರ್ಷ ನನ್ನ ಗಂಡ ತೀರಿಕೊಂಡ ದಿನ ಆತನ ಹೆಸರಲ್ಲಿ ಫಾತಿಹಾ ಪ್ರಾರ್ಥನೆ ಓದಿಸುತ್ತೇವೆ. ಚಪಾತಿ ಪುಡಿ ಮಾಡಿ, ಬೆಲ್ಲ ತುಪ್ಪ ಕಲಸಿ ಮಲೀದಾ ಮಾಡಿ, ಓದಿಸಿ, ಓಣಿಗೆಲ್ಲ ಹಂಚುವುದು. ಬದುಕಿದ್ದಾಗ ಆತ ನನ್ನ ಅಡುಗೆಯನ್ನು ಒಮ್ಮೆಯೂ ಹೊಗಳಲಿಲ್ಲ. ಮಲೀದಾ ಮಾಡಿದ ದಿನ ಮಾತ್ರ ಮಾತಾಡದೆ ಮತ್ತೆ ಹಾಕಿಸಿಕೊಳ್ಳುತ್ತಿದ್ದ. ಈಗ ನಾನು ಆತನಿಗೆ ಕೊಡಬಹುದಾದದ್ದು ಅದೊಂದೇ. ಈ ಸಲ, ನಾಳೆ ಫಾತಿಹಾ ಎನ್ನುವಾಗ, ಸೊಸೆ ಶಬಾನಾ ಬೆಲ್ಲ ಕುಟ್ಟುವುದನ್ನು ನಿಲ್ಲಿಸಿ ಕೂತಳು.

"ಅಮ್ಮಾ, ಇದು ಮಾಡಬಾರದಂತ್ರಿ. ಮುಫ್ತಿ ಸಾಹೇಬ್ರು ಫೋನಿನ್ಯಾಗ ಹೇಳ್ಯಾರ."

"ಯಾವ ಊರವ ಅಂವಾ?"

"ಗೊತ್ತಿಲ್ರಿ. ಲಕ್ಷಗಟ್ಲೆ ಮಂದಿ ನೋಡ್ತಾರ್ರಿ."

"ಮಂದಿ ಕರಡಿ ಆಡ್ಸೋದೂ ನೋಡ್ತಾರ. ನಿಮ್ಮ ಮಾವ ಯಾರಂತ ಅಂವಗ ಗೊತ್ತೇನ ಬೇ?"

ನಮ್ಮ ಮಸೀದಿಯ ಹಜರತ್ತರು ಹಾಗಲ್ಲ. ಗಂಡ ಹೆಂಡತಿ ಜಗಳಾಡಿ ತಲಾಕಿನ ಮಾತು ಕೇಳಲು ಹೋದರೆ, ಯಾರು ಏನಂದರು, ಯಾಕಂದರು ಎಂದು ಇಬ್ಬರನ್ನೂ ಕೂಡಿಸಿ ಕೇಳುತ್ತಾರೆ; ಅವರು ಕೇಳಿ ಮುಗಿಸುವಷ್ಟರಲ್ಲಿ ಎಷ್ಟೋ ಜಗಳ ತಣ್ಣಗಾಗಿರುತ್ತದೆ. ಫೋನಿನವನು ತಿರುಗಿ ಒಂದು ಪ್ರಶ್ನೆ ಕೇಳುವುದಿಲ್ಲ. ಚಹಾ ಉಕ್ಕುವುದರೊಳಗೆ ತೀರ್ಪು ಕೊಟ್ಟು, ಕೊನೆಗೆ ಘಂಟಿ ಒತ್ತಿರಿ ಎನ್ನುತ್ತಾನೆ. ಧರ್ಮ ಹೇಳಿ ಘಂಟಿ ಒತ್ತಿಸುವವರನ್ನು ನಾನಂತೂ ಕಂಡಿರಲಿಲ್ಲ.

ಹಜರತ್ತರ ಬಳಿ ಹೋದೆ. "ಬೂಬಮ್ಮಾ, ಕೆಲವ್ರು ಮಾಡ್ತಾರ, ಕೆಲವ್ರು ಬ್ಯಾಡಂತಾರ. ನಾ ಬಂದು ಓದ್ತೇನಿ. ಸೊಸೀಗಿ ಜುಲ್ಮಿ ಮಾಡಬ್ಯಾಡ್ರಿ" ಎಂದರು.

ಶಬಾನಾ ಅದಕ್ಕೂ ಬಗ್ಗಲಿಲ್ಲ. "ಹಜರತ್ರಿಗೆ ಹಳೇದಷ್ಟ ಗೊತ್ತ್ರಿ. ಫೋನಿನ್ಯಾಗ ಹೊಸಾದು ಬರ್ತದ."

"ನಿಮ್ಮ ಮಾವ ಸತ್ತಾನ ಬೇ, ಅಂವಗ ಹೊಸಾದ್ಯಾಕ?"

ಅವಳು ನೀರಿಗೆ ಹೋದಾಗ ಫೋನು ನಾನೇ ಹಿಡಿದೆ. ಹೆಬ್ಬೆರಳಿಂದ ತಳ್ಳಿದಂತೆಲ್ಲ ಒಬ್ಬೊಬ್ಬ ಬಂದ. ಒಬ್ಬ ಬೇಡವೆಂದ, ತಳ್ಳಿದೆ. ಇನ್ನೊಬ್ಬ ಚೀರಿದ, ತಳ್ಳಿದೆ. ಕೊನೆಗೊಬ್ಬ, ಫಾತಿಹಾ ಓದಿಸಬಹುದು, ಪುಣ್ಯ ಸತ್ತವರಿಗೆ ಮುಟ್ಟುತ್ತದೆ ಎಂದ. ಎಂಥ ವಿದ್ಯಾವಂತ! ಶಬಾನಾ ಬಂದೊಡನೆ ಫೋನನ್ನು ಅವಳ ಕಿವಿಗೆ ಹಿಡಿದೆ.

"ಇವ್ರೂ ಮುಫ್ತಿನ ಹೌದ್ರಿ" ಎಂದು ಗೊಣಗಿ, ಬೆಲ್ಲ ಕುಟ್ಟತೊಡಗಿದಳು. ಮರುದಿನ ಹಜರತ್ತರು ಬಂದು ಓದಿದರು, ಓಣಿಯವರು ತಿಂದರು, ಶಬಾನಾ ಬೆರಳು ನೆಕ್ಕಿದಳು.

ಅಂದಿನಿಂದ ಆ ಪುಣ್ಯಾತ್ಮನನ್ನು ನಾನು ದಿನವೂ ಕೇಳುತ್ತಿದ್ದೆ. ಮೊನ್ನೆ ಆತ ತಂಬಾಕು ತಿನ್ನುವವರನ್ನು ಬಯ್ಯಲು ಶುರುಮಾಡಿದ. ನನ್ನ ದವಡೆಯಲ್ಲಿ ಆಗತಾನೆ ಇಟ್ಟ ಎಲೆ-ತಂಬಾಕು ಇತ್ತು. ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದೆ. ಹುಬ್ಬುಗಳು ಕೂಡಿದ್ದವು. ಹುಬ್ಬು ಕೂಡಿದವರನ್ನು ನಾನು ಮೊದಲಿನಿಂದಲೂ ನಂಬುವುದಿಲ್ಲ.